ಏಳು ಜನ ಬರೆದ ಆಕಾಶ

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತನ್ನು ಮೆರ್ಲ್ ಹಾಸ್ಕಂಪ್ ಐವತ್ತೆರಡು ವರ್ಷ ಪಾಲಿಸಿಕೊಂಡು ಬಂದಿದ್ದ. ಅದು ಮುರಿದದ್ದು ಒಂದು ಭಾನುವಾರ ಬೆಳಿಗ್ಗೆ, ಬರ್ಬ್ಯಾಂಕಿನ ಡೋನಟ್ ಅಂಗಡಿಯ ಸಾಲಿನಲ್ಲಿ.

ಮುಂದೆ ನಿಂತಿದ್ದ ಪಕ್ಕದ ಮನೆಯ ಲೋರ್ನಾ ಪೆಟಿಗ್ರೂ, ಮಧ್ಯಾಹ್ನ ಹಳೆಯ ಚಿತ್ರಮಂದಿರದಲ್ಲಿ 'ಕೆಂಪು ಕಣಿವೆಯ ವಿಧವೆ' ತೋರಿಸುತ್ತಾರೆಂದೂ, ತಾನು ಅದನ್ನು ಹತ್ತೊಂಬತ್ತನೆಯ ಸಲ ನೋಡಲಿದ್ದೇನೆಂದೂ ಹೇಳಿದಳು. ಕೊನೆಯಲ್ಲಿ ವಿಧವೆ ಕುದುರೆಯ ಲಗಾಮು ಹಿಡಿದು ನಿಂತಾಗ ಹಿಂದೆ ಕಾಣುತ್ತದಲ್ಲ ಆ ಸಂಜೆಯ ಆಕಾಶ, ಅದಕ್ಕೇ ಇಂಥ ಚಿತ್ರಗಳಿಗೆ ಸಾವಿಲ್ಲ. ಆಗ ಎಲ್ಲವೂ ಅಸಲಿ, ಈಗಿನವರ ಹಾಗೆ ಮೋಸವಿರಲಿಲ್ಲ ಎಂದಳು.

"ಆ ಆಕಾಶ ನಾವ್ ಏಳ್ ಜನ ಬರೆದಿದ್ದು ಲೋರ್ನಾ," ಎಂದ ಮೆರ್ಲ್. "ಸ್ಟುಡಿಯೋದ ನಾಲ್ಕನೇ ಶೆಡ್ಡಲ್ಲಿ. ಬಟ್ಟೆ ಮೇಲೆ."

ಮದುವೆಮನೆಗೆ ಬಂದು ವಧು ನನ್ನ ಹೆಂಡತಿ ಎಂದವನನ್ನು ನೋಡುವಂತೆ ಲೋರ್ನಾ ಅವನನ್ನು ನೋಡಿದಳು.

ಹಾಲಿವುಡ್ಡಿನ ಮಗ್ಗುಲಿನ ಆ ಬೀದಿಯಲ್ಲಿ ಇಂಥ ಮಾತುಗಳಿಗೆ ಬರವಿರಲಿಲ್ಲ. ಒಬ್ಬನ ಮಾವ ಯಾವನೋ ನಾಯಕನನ್ನು ಕುದುರೆ ಹತ್ತಿಸಿದ್ದ. ಇನ್ನೊಬ್ಬಳ ಅಜ್ಜಿ ಯಾವಳೋ ನಾಯಕಿಯ ಬದಲು ಅತ್ತುಕೊಟ್ಟಿದ್ದಳು. ಅವರೆಲ್ಲ ಸತ್ತಿದ್ದರಿಂದ ಜನ ನಂಬುತ್ತಿದ್ದರು. ಬದುಕಿರುವವನು ಹೇಳಿದರೆ ಅದು ಸುಳ್ಳು.

ಸಾಲಿನ ಹಿಂದಿದ್ದ ಗಸ್ ಟಾರ್ಕಾನಿಯನ್, ಮೆರ್ಲ್ ಚರ್ಚಿಗೆ ಬಂದು ಟೋಪಿ ತೆಗೆಯುವುದರೊಳಗೆ ಸುದ್ದಿಯನ್ನು ಕೊನೆಯ ಬೆಂಚಿಗೂ ತಲುಪಿಸಿದ್ದ. ಹೋದ ಈಸ್ಟರಿನಲ್ಲಿ ಪಾದ್ರಿ ಅದೇ ಆಕಾಶವನ್ನು ದೇವರ ಕೈಚಳಕಕ್ಕೆ ಸಾಕ್ಷಿಯೆಂದು ಬೋಧಿಸಿದ್ದರು. ಈಗ ಅವರು ಮೆರ್ಲನ ಹೆಗಲ ಮೇಲೆ ಕೈಯಿಟ್ಟು, ಎಪ್ಪತ್ತೈದರಲ್ಲಿ ನೆನಪು ಕೈಕೊಡುವುದು ಸಹಜ, ಸೃಷ್ಟಿಕರ್ತನ ಜೊತೆ ಪೈಪೋಟಿ ಮಾತ್ರ ಬೇಡ ಎಂದು ಬುದ್ಧಿ ಹೇಳಿದರು.

ಹೆಂಡತಿ ವರ್ನಾ ಮನೆಗೆ ಬರುವವರೆಗೆ ತಡೆದುಕೊಂಡಳು.

"ನಲವತ್ತು ವರ್ಷ ಸಂಸಾರ ಮಾಡಿದೀನಿ. ನಂಗೇ ಹೇಳಿಲ್ಲ ಅಂದ್ರೆ ಇದು ಸುಳ್ಳು. ಸುಳ್ಳಲ್ಲ ಅಂದ್ರೆ ಇನ್ನೂ ಏನೇನ್ ಮುಚ್ಚಿಟ್ಟಿದೀಯೋ. ನಾಳೆ ಮರೆವಿನ ಡಾಕ್ಟ್ರ ಹತ್ರ ಹೋಗಣ."

ಮೆರ್ಲ್ ಮುಚ್ಚಿಟ್ಟದ್ದು ಹೌದು. ಕೆಲಸಕ್ಕೆ ಸೇರುವಾಗ ಚಿತ್ರ ತೆಗೆದ ಕಂಪನಿ ಏಳೂ ಜನರಿಂದ, ಒಳಗಿನದ್ದನ್ನು ಹೊರಗೆ ಆಡುವುದಿಲ್ಲವೆಂದು ಸಹಿ ಹಾಕಿಸಿಕೊಂಡಿತ್ತು. ಕಂಪನಿ ಸತ್ತು ಇಪ್ಪತ್ತು ವರ್ಷವಾಗಿತ್ತು. ಉಳಿದ ಆರು ಜನರೂ ಸತ್ತಿದ್ದರು. ಸಹಿ ಮಾತ್ರ ಗಟ್ಟಿಮುಟ್ಟಾಗಿತ್ತು.

ಮಧ್ಯಾಹ್ನ ಬೀದಿಗೆ ಬೀದಿಯೇ ಅವನನ್ನು ಕಾರಿನಲ್ಲಿ ತುಂಬಿಕೊಂಡು, ಹೊಸ ಅಳಿಯನನ್ನೋ ಹಳೆ ಕಳ್ಳನನ್ನೋ ಕರೆದೊಯ್ಯುವಂತೆ ಚಿತ್ರಮಂದಿರಕ್ಕೆ ಕರೆದೊಯ್ದಿತು. ಚಿತ್ರ ಮುಗಿಯಿತು. ಆಕಾಶ ಬಂದಾಗ ಎಂದಿನಂತೆ ಇಡೀ ಮಂದಿರ ಉಸಿರು ಬಿಗಿಹಿಡಿಯಿತು. ಮೆರ್ಲ್ ಕೂಡ ಹಿಡಿದ. ಅಂಥ ಕೆಲಸ ಅದು.

ಹಳೆಯ ಸುರುಳಿಗಳನ್ನು ಶುಚಿಮಾಡಿ ಹೊಸ ಪ್ರತಿ ತೆಗೆಸುವ ಕ್ಲಿಫ್ಟನ್ ಆಲ್ಡೇನ್ ಎಂಬ ದೊಡ್ಡ ಮನುಷ್ಯ ವೇದಿಕೆ ಹತ್ತಿದ. ಈ ಚಿತ್ರ ಯಾಕೆ ಉಳಿದಿದೆ ಎಂದು ಅವನೇ ಕೇಳಿ ಅವನೇ ಉತ್ತರಿಸಿದ. ತಾಳ್ಮೆ. ಈ ಒಂದು ಆಕಾಶಕ್ಕಾಗಿ ನಿರ್ದೇಶಕ ಮರುಭೂಮಿಯಲ್ಲಿ ಹನ್ನೊಂದು ದಿನ ಕಾದಿದ್ದ.

ಲೋರ್ನಾ ಮೊಣಕೈಯಿಂದ ತಿವಿದಳು. ಮೆರ್ಲ್ ಎದ್ದು ನಿಂತ.

"ಹನ್ನೊಂದು ದಿನ ಕಾದಿದ್ದು ನಿಜ ಸ್ವಾಮಿ. ಬಣ್ಣ ಒಣಗ್ಲಿ ಅಂತ. ಆ ಸಲ ಮಳೆ ಬಿಡ್ಲಿಲ್ಲ."

ಮಂದಿರ ನಕ್ಕಿತು. ಪುರಾವೆ ಇದೆಯೇ ಎಂದು ಆಲ್ಡೇನ್ ಬಹಳ ವಿನಯದಿಂದ ಕೇಳಿದ.

"ಬೆಟ್ಟದ ಹತ್ರ ಒಂದು ಚುಕ್ಕಿ ಇದೆಯಲ್ಲ."

ಆ ಚುಕ್ಕಿ ಯಾರಿಗೆ ಗೊತ್ತಿಲ್ಲ. ಅದು ವಿಧವೆಯ ಭರವಸೆಯ ಸಂಕೇತವೆಂದು ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದರು.

"ಅದು ಚುಕ್ಕಿ ಅಲ್ಲ, ತೂತು. ಬೆಟ್ಟನೂ ಅದೇ ಬಟ್ಟೆ ಮೇಲೆ ಬರೆದಿದ್ದು. ನನ್ನ ಏಣಿ ತಾಗಿ ಹರೀತು. ಹಿಂದಿನ ದೀಪ ಕಾಣ್ತಿದೆ. ಬೇಕಾದ್ರೆ ನೋಡಿ, ಬೆಟ್ಟದ ಮೇಲಿಲ್ಲ ಅದು, ಬೆಟ್ಟದ ಮೈಯಲ್ಲಿದೆ. ಯಾವ ಚುಕ್ಕಿ ಸ್ವಾಮಿ ಬೆಟ್ಟಕ್ಕಿಂತ ಮುಂದೆ ಬಂದು ನಿಲ್ಲುತ್ತೆ?"

ಕೊನೆಯ ದೃಶ್ಯವನ್ನು ಮತ್ತೆ ಓಡಿಸಿದರು. ನಿಜ, ಚುಕ್ಕಿ ಬೆಟ್ಟದ ಹೊಟ್ಟೆಯಲ್ಲಿ ಹೊಳೆಯುತ್ತಿತ್ತು. ಐವತ್ತೆರಡು ವರ್ಷ ಲಕ್ಷಾಂತರ ಕಣ್ಣುಗಳು ಅದನ್ನು ನೋಡುತ್ತ ಅತ್ತಿದ್ದವು, ಒಂದೂ ಕಂಡಿರಲಿಲ್ಲ. ಮೊದಲು ಗಸ್ ಎದ್ದು ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ. ವರ್ನಾ ಚೀಲ ಕೆಳಗಿಟ್ಟು ಗಂಡನ ಕೈ ಹಿಡಿದಳು.

ಆಲ್ಡೇನ್ ಒದ್ದೆ ಕಣ್ಣಿನಲ್ಲೇ ಇಳಿದು ಬಂದು ಮೆರ್ಲನ ಕೈ ಕುಲುಕಿದ. ಮೆರ್ಲ್ ಧೈರ್ಯಮಾಡಿ ಕೇಳಿಯೇಬಿಟ್ಟ: ಹೊಸ ಪ್ರತಿಯಲ್ಲಿ ಆ ಏಳು ಹೆಸರು ಹಾಕಬಹುದೇ?

"ಛೆ, ಅದ್ ಹೇಗಾಗುತ್ತೆ. ಮೂಲದಲ್ಲಿ ಇಲ್ದೇ ಇರೋದನ್ನ ನಾವ್ ಸೇರ್ಸಲ್ಲ. ಆದ್ರೆ ನಿಮ್ಮ ಉಪಕಾರ ಮರೆಯಲ್ಲ. ಆ ತೂತು ನಮ್ ಕಣ್ಣಿಗೆ ಬಿದ್ದೇ ಇರ್ಲಿಲ್ಲ. ನಾಳೆನೇ ಅಳಿಸಿಹಾಕ್ತೀವಿ."

ಮೆರ್ಲ್ ಖಾಲಿ ತೆರೆಯ ಕಡೆ ತಿರುಗಿ ನೋಡಿದ.

"ಗುರುತು ಸಿಗಲ್ವಾ?"

"ಚೂರೂ ಸಿಗಲ್ಲ. ನಮ್ಮ ನೆಲಮಾಳಿಗೆಯಲ್ಲಿ ಒಬ್ಬಾಕೆ ಇದಾಳೆ. ಅವಳ ಕೈ ಬಿದ್ರೆ ಕೆಲಸ ಆಗಿದೆ ಅಂತ್ಲೇ ಗೊತ್ತಾಗಲ್ಲ."

"ಏನ್ ಹೆಸ್ರು ಅವಳದು?" ಎಂದು ಮೆರ್ಲ್ ಕೇಳಿದ.

ಆಲ್ಡೇನ್ ಹಣೆ ಉಜ್ಜಿಕೊಂಡ. ಹನ್ನೆರಡು ವರ್ಷದಿಂದ ಅವಳು ಅಲ್ಲೇ ಕೆಲಸ ಮಾಡುತ್ತಿದ್ದಾಳೆ, ಬಹಳ ಒಳ್ಳೆಯವಳು, ಹೆಸರು ನಾಲಿಗೆಯ ತುದಿಯಲ್ಲೇ ಇದೆ ಎಂದ.