ಮುನಿಸು ಕಲಿತ ಕಂಪ್ಯೂಟರ್

"ಇಂಥಾದ್ದು ದಾವಣಗೆರೆಯಾಗಲ್ಲ, ಇಡೀ ದೇಶದಾಗೇ ಇಲ್ಲ!" ಎನ್ನುತ್ತ ಉಜ್ಜಿನಪ್ಪ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಟವೆಲ್ ಎಳೆದರು.

ಐ.ಟಿ.ಐ.ಯ ನಿವೃತ್ತ ಬೋಧಕರಾದ ಅವರು ಮನೆಯ ಒಂಬತ್ತು ವರ್ಷದ ಕಂಪ್ಯೂಟರಿಗೆ ತಾವೇ ಬರೆದ ಹೊಸ ಆಪರೇಟಿಂಗ್ ಸಿಸ್ಟಂ ಆಗಷ್ಟೇ ಹಾಕಿದ್ದರು. ಹೆಸರು ತ್ರಿನೇತ್ರ. ಮನೆತನದ ನಲವತ್ತು ವರ್ಷಗಳ ಲಗ್ನಪತ್ರಿಕೆಗಳನ್ನೂ, ಪ್ರತಿ ಮದುವೆಯ ನಂತರ ಎದ್ದ ಮುನಿಸುಗಳನ್ನೂ ಅದಕ್ಕೆ ಬಿಡದೆ ಕಲಿಸಿದ್ದರು.

ಹೆಂಡತಿ ಸರ್ವಮಂಗಳಾ ಗಡಿಯಾರ ನೋಡಿದರು. ಹತ್ತೂಕಾಲು. ಮಗಳು ಸ್ಪಂದನಾಳ ಲಗ್ನಪತ್ರಿಕೆ ಹನ್ನೆರಡರೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು. 'ಆಗಮನಾಭಿಲಾಷಿಗಳು' ಎಂಬುದರ ಕೆಳಗೆ ಮೂವತ್ತೆಂಟು ಹೆಸರು. ಯಾರ ಮೇಲೆ ಯಾರು, ಯಾರ ಪಕ್ಕ ಯಾರು ಎಂದು ಹದಿನೈದು ದಿನ ಮನೆ ಮನೆ ಸುತ್ತಿ ಒಪ್ಪಿಸಿದ ಪಟ್ಟಿ ಅದು. ಒಬ್ಬರೂ ಮುಖ ಊದಿಸಿಕೊಂಡಿರಲಿಲ್ಲ! ಅಂಥ ಪಟ್ಟಿ ಆ ಮನೆತನದಲ್ಲಿ ಹಿಂದೆ ಆದದ್ದಿಲ್ಲವೆಂಬುದು ಅವರ ಹೆಮ್ಮೆ.

"ನಮಸ್ಕಾರ ಅಮ್ಮಾರೆ, ನಾಷ್ಟಾ ಆತಾ?" ಎಂದಿತು ತ್ರಿನೇತ್ರ.

"ನೋಡ್ದಾ ಮಂಗಳಾ, ಎಂಥಾ ಮರ್ಯಾದಿ!"

"ಐತಿ ಬಿಡ್ರಿ, ನಿಮ್ಮ ಬುದ್ಧಿಗೇನು ಕಮ್ಮಿ! ಮೊದ್ಲು ಪತ್ರಿಕೆ ತೆಗೀರಿ."

ಪತ್ರಿಕೆ ತೆರೆಯಿತು. ಹೆಸರು ಮೂವತ್ತೊಂಬತ್ತಿದ್ದವು.

"ದೊಡ್ಡ ಸೋದರಮಾವನ್ನ ಹಾಕಿ ಸಣ್ಣೋರನ್ನ ಬಿಟ್ಟಿದ್ರಿ, ಸೇರಿಸೀನಿ," ಎಂದಿತು ತ್ರಿನೇತ್ರ. " ಅವ್ರು ಬಂದ್ಮೇಲೆ ಅವ್ರ ಷಡ್ಡಕನ್ನ ಬಿಡಾಕಾಗ್ತತೇನು?"

ಷಡ್ಡಕನ ಬೆನ್ನಿಗೆ ಅವನ ಬೀಗರು ಬಂದರು. ಬೀಗರ ಬೆನ್ನಿಗೆ ಅವರ ಅಣ್ಣತಮ್ಮಂದಿರು ಸಂಸಾರ ಸಮೇತ ಬಂದರು. ಹನ್ನೊಂದೂವರೆಗೆ ಹೆಸರು ನಾನೂರ ಹನ್ನೆರಡು! ವಧು ಏಳನೇ ಪುಟಕ್ಕೆ ಇಳಿದಿದ್ದಳು.

"ಸ್ಪಂದನಾ ಎಲ್ರೀ?"

"ಅದಾಳೆ, ಕೆಳಗೆ. ಒಬ್ರನ್ನೂ ಮರ್ತಿಲ್ಲ ನೋಡು!"

"ಹಳೇ ಸಿಸ್ಟಮ್ಮೇ ಹಾಕ್ರಿ, ಸಾಕು!"

ಉಜ್ಜಿನಪ್ಪ ಒಲ್ಲದ ಮನಸ್ಸಿನಿಂದ ಕೀಲಿ ಒತ್ತಿದರು.

"ನನ್ನ ಕರ್ದು ಒಳಗೆ ಕೂರ್ಸಿ ಈಗ ಹೊರಗೆ ಹಾಕ್ತೀರಾ?" ತ್ರಿನೇತ್ರನ ದನಿ ಗಡುಸಾಯಿತು. "ಈ ಪಟ್ಟಿ ನಾನೂರ ಹನ್ನೆರಡು ಮಂದಿ ಫೋನಿಗೂ ಕಳಿಸ್ತೀನಿ. ನ್ಯಾಯ ಅವ್ರೇ ಹೇಳ್ಲಿ. ಐದು ನಿಮಿಷ ಟೈಮು!"

ಸರ್ವಮಂಗಳಾ ಕುರ್ಚಿ ಎಳೆದುಕೊಂಡು ಕುಳಿತರು. ಹದಿನೈದು ದಿನ ಇಂಥ ದನಿಗಳನ್ನೇ ಸಮಾಧಾನ ಮಾಡಿದ್ದರಲ್ಲ!

"ಅಲ್ಲೋ ತಮ್ಮಾ, ಇಷ್ಟು ಜನ್ರಾಗೆ ನಿನ್ನ ಹೆಸರೇ ಇಲ್ಲಲ್ಲೋ?"

ಕಂಪ್ಯೂಟರಿನ ಫ್ಯಾನ್ ಮೆಲ್ಲಗಾಯಿತು. "ನನ್ನ ಯಾರು ಕೇಳ್ತಾರಮ್ಮಾ?"

"ನಾನು ಕೇಳ್ತೀನಿ. ಆದ್ರೆ ಜಾಗ ವಯಸ್ಸಿನ ಪ್ರಕಾರ. ನಿಂಗೆ ವಯಸ್ಸೆಷ್ಟು?"

"ಒಂದೂವರೆ ತಾಸು."

"ಹಂಗಾದ್ರೆ ಮಕ್ಕಳ ಸಾಲು. ಆ ಸಾಲಿಗೆ ಜಾಗ ಇರೋದು ನನ್ನ ಮೂವತ್ತೆಂಟು ಹೆಸರಿನ ಪತ್ರಿಕೆಯಾಗೆ ಮಾತ್ರ. ಬ್ಯಾಡಂದ್ರೆ ಬಿಡು."

"ಆಗ್ಲಿ ಬಿಡ್ರಮ್ಮಾ," ಎಂದಿತು ತ್ರಿನೇತ್ರ. ಹನ್ನೊಂದೂ ಐವತ್ತೆರಡಕ್ಕೆ ಹಳೆಯ ಪಟ್ಟಿ, ಹೆಸರಿನ ಕ್ರಮ ಕೂದಲೆಳೆಯಷ್ಟೂ ಕದಲದೆ, ಪ್ರೆಸ್ಸಿಗೆ ಹೋಯಿತು. ಕೊನೆಯಲ್ಲಿ ಒಂದೇ ಹೊಸ ಸಾಲು: 'ನಮ್ಮ ಸ್ಪಂದನಕ್ಕನ ಮದುವೆಗೆ ತಪ್ಪದೇ ಬನ್ನಿ – ತ್ರಿನೇತ್ರ.'

ಪತ್ರಿಕೆ ಹಂಚಿದ ಮೂರನೇ ದಿನ ಹರಿಹರದ ದೊಡ್ಡಮ್ಮ ಫೋನ್ ಮಾಡಿದರು. "ಕೆಳಗೈತಲ್ಲ ತ್ರಿನೇತ್ರ ಅಂತ, ಅದ್ಯಾರ ಕೂಸು?"

ಉಜ್ಜಿನಪ್ಪ ಎದೆಯುಬ್ಬಿಸಿದರು. "ನಂದೇ ದೊಡ್ಡಮ್ಮಾ! ಎರಡು ವರ್ಷ ಯಾರಿಗೂ ಹೇಳ್ದಂಗೆ ಬೆಳೆಸೀನಿ!"

"ಶಿವಶಿವಾ!" ಎಂದರು ದೊಡ್ಡಮ್ಮ. ಸರ್ವಮಂಗಳಾ ಫೋನ್ ಕಿತ್ತುಕೊಂಡರು.

"ಹೌದು ದೊಡ್ಡಮ್ಮಾ," ಎಂದರು ತಣ್ಣಗೆ. "ನಂಗೂ ಪತ್ರಿಕೆ ಅಚ್ಚಿಗೆ ಕೊಟ್ಟ ದಿನಾನೇ ಗೊತ್ತಾಗಿದ್ದು."