ಅಕ್ಕನ ನಗುವನ್ನು ಮುಚ್ಚಿಟ್ಟ ಮುಚ್ಚಳಕ್ಕೆ

ಮಾನ್ಯ ಮಸೂರದ ಮುಚ್ಚಳದವರೇ,

ಒಸಾಕಾದ ಸುಮಿಯೋಶಿಯಲ್ಲಿ ವಾಸವಾಗಿರುವ, ಟ್ರಾಮ್ ಚಾಲಕನ ಕೆಲಸದಿಂದ ನಿವೃತ್ತನಾಗಿದ್ದರೂ ಹಳೆಯ ಕ್ಯಾಮೆರಾಗಳ ಹುಚ್ಚಿನಿಂದ ಇನ್ನೂ ನಿವೃತ್ತನಾಗದ ಕುವಾಬಾರ ತಾಮೊತ್ಸು ಎಂಬ ನಾನು, ತಮ್ಮ ಕಪ್ಪು ಮೈಗೆ, ಒಳಗಿನ ಮಖಮಲ್ಲಿನ ಅಂಚಿಗೆ, ನೆತ್ತಿಯ ಮೇಲೆ ಕೆತ್ತಿದ ಅಕ್ಷರಗಳಿಗೆ ಬೇರೆ ಬೇರೆಯಾಗಿ ಸೊಂಟ ಬಗ್ಗಿಸಿ ವಂದಿಸುತ್ತೇನೆ. ತಾವು ಇದನ್ನು ಓದಲಾರಿರೆಂದು ಬಲ್ಲೆ. ಬೆಳಕನ್ನೇ ಒಳಗೆ ಬಿಡದವರು ಅಕ್ಷರವನ್ನು ಬಿಟ್ಟಾರೆಯೇ? ಆದರೂ ನಮ್ಮ ಕ್ಯಾಮೆರಾ ಕೂಟದವರಾದರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ದೂರಿಗೆ ಮೊದಲು ಹೊಗಳಿಕೆ ಸಲ್ಲಬೇಕು. ತಮ್ಮಷ್ಟು ಕರ್ತವ್ಯನಿಷ್ಠರನ್ನು ನಾನು ಟ್ರಾಮ್ ಇಲಾಖೆಯಲ್ಲೂ ಕಂಡಿಲ್ಲ. ನೇರ ಬಿಸಿಲು ಮಸೂರದ ಮೇಲೆ ಬಿದ್ದರೆ ಒಳಗಿನ ಬಟ್ಟೆಯ ಪರದೆ ಸುಟ್ಟು ತೂತಾಗುತ್ತದೆ. ತಾವು ಇರುವ ತನಕ ಅದಕ್ಕೆ ಆಸ್ಪದವಿಲ್ಲ. ಧೂಳು, ತೇವ, ಬೂಷ್ಟು, ಮೊಮ್ಮಕ್ಕಳ ಬೆರಳು, ಯಾವುದಕ್ಕೂ ತಾವು ಜಗ್ಗಿದವರಲ್ಲ. ಅಕ್ಕನ ಮುಖಕ್ಕೂ ಜಗ್ಗಲಿಲ್ಲ ಎಂಬುದೇ ಈ ಪತ್ರದ ವಿಷಯ.

ಈ ಕ್ಯಾಮೆರಾ ನನ್ನ ಭಾವ, ದಿವಂಗತ ತೊಕುಜಿಯವರದು, ಅವರ ನಂತರ ನನ್ನ ಕೈಗೆ ಬಂದದ್ದು. ಇದರ ಮೊದಲ ಮುಚ್ಚಳ ಅವರ ಮದುವೆಯ ಹೊಸತರಲ್ಲಿ ಸೇತುವೆಯ ಮೇಲಿಂದ ಯೋದೊ ನದಿಗೆ ಬಿತ್ತು. ನೀನು ನಗಿಸಿದ್ದಕ್ಕೆ ಬಿತ್ತು ಎಂದು ಭಾವ, ನಿಮ್ಮ ಕೈಯೇ ಸರಿಯಿಲ್ಲ ಎಂದು ನನ್ನ ಅಕ್ಕ ಕಿನುಯೊ, ಕೊನೆಯವರೆಗೂ ವಾದಿಸಿದರು. ಆಮೇಲೆ ಭಾವ ಉಮೆಬೋಶಿ ಉಪ್ಪಿನಕಾಯಿಯ ಜಾಡಿಯ ಕೆಂಪು ಪ್ಲಾಸ್ಟಿಕ್ ಮುಚ್ಚಳವೊಂದಕ್ಕೆ ಒಳಗೆ ಬಟ್ಟೆ ಅಂಟಿಸಿ ಮಸೂರಕ್ಕೆ ತೊಡಿಸಿದರು. ತಮ್ಮ ಹುದ್ದೆಯಲ್ಲಿ ತಮಗಿಂತ ಮೊದಲು ಇದ್ದವರು ಅವರೇ. ರೂಪವಿಲ್ಲ, ಕುಲವಿಲ್ಲ, ಮೈಯೆಲ್ಲ ಹುಳಿ ವಾಸನೆ. ಆದರೆ ಅವರು ಎಷ್ಟು ದಪ್ಪಗಿದ್ದರೆಂದರೆ, ನೋಡುವ ಕಿಂಡಿಯ ಮೂಲೆಯಲ್ಲಿ ಕೆಂಪಗೆ ಇಣುಕಿ, ಮೊದಲು ನನ್ನನ್ನು ತೆಗೆಯಯ್ಯಾ ಎಂದು ನೆನಪಿಸುತ್ತಿದ್ದರು.

ಇಂಥ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿಯೇ ಬೇರೆ, ಚಿತ್ರ ಹಿಡಿಯುವ ಮಸೂರವೇ ಬೇರೆ. ಕಿಂಡಿಯಲ್ಲಿ ಲೋಕವೆಲ್ಲ ಬೆಳ್ಳಗೆ ಕಾಣುತ್ತಿರುವಾಗ ಮಸೂರ ಕಣ್ಣು ಮುಚ್ಚಿ ಕೂತಿರಬಹುದು. ಭಾವನಿಗೆ ಇದು ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ಕೂಟದ ಹಾಶಿಜುಮೆ ಒಂದು ಭಾನುವಾರ ಕಾಫಿ ಅಂಗಡಿಯಲ್ಲಿ ಎಲ್ಲರ ಮುಂದೆ, "ಮಸೂರ ನೋಡಿದ್ರೆ ಸ್ಟೇಷನ್ ಮಾಸ್ಟ್ರು, ಟೋಪಿ ನೋಡಿದ್ರೆ ಉಪ್ಪಿನ್ಕಾಯಿ ಮಾರೋನು" ಎಂದುಬಿಟ್ಟ. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಈ ಮಸೂರದ ವರ್ಷಕ್ಕೇ ಸೇರಿದ, ಅಕ್ಷರಗಳ ಬಾಲ ಕೂಡ ಅದೇ ಕಾಲದ್ದಾದ ಮುಚ್ಚಳವೇ ಬೇಕೆಂದು ಕೋಬೆ, ನಗೋಯಾ, ಟೋಕಿಯೋದ ಅಂಗಡಿಗಳನ್ನೆಲ್ಲ ಜಾಲಾಡಿದೆ. ಕೊನೆಗೆ ಒಬ್ಬ ಅಂಗಡಿಯವರು ಬಿಳಿ ಕೈಗವಸು ಹಾಕಿಕೊಂಡು, ರೇಷ್ಮೆ ಹಾಸಿದ ತಟ್ಟೆಯಲ್ಲಿ ತಮ್ಮನ್ನು ಹೊತ್ತು ತಂದಾಗ ಕನ್ಯೆ ನೋಡಲು ಹೋದವನಂತೆ ನಾನು ಬೆವೆತಿದ್ದೆ. ತಾವು ತೆಳ್ಳಗೆ, ಕಪ್ಪಗೆ, ಕಿಂಡಿಗೆ ಒಂದಿಷ್ಟೂ ಕಾಣದಂತೆ ಮಸೂರಕ್ಕೆ ಕೂತಿರಿ. ಹಾಶಿಜುಮೆ ತಲೆಬಾಗಿದ. ಕೆಂಪು ಮುಚ್ಚಳವನ್ನು ಡ್ರಾಯರಿನೊಳಗೆ ಹಾಕಿದೆ.

ಈಗ ದೂರು. ಅಕ್ಕನಿಗೆ ಎಂಬತ್ತು ದಾಟಿದೆ. ಹೃದಯದ ಕವಾಟ ಕೈಕೊಟ್ಟಿದೆ, ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದು ವೈದ್ಯರು ಹೇಳಿದರು. ಅಂತ್ಯಕ್ರಿಯೆಯಲ್ಲಿ ಹೂಗಳ ನಡುವೆ ಇಡುವ ಚಿತ್ರ ಸಿದ್ಧವಾಗದೆ ತಾನು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳು ಹಟ ಹಿಡಿದಳು. ಅವಳ ಹಟಕ್ಕೂ ಕಾರಣವಿತ್ತು. ಪಕ್ಕದ ಮನೆಯಾಕೆ ತೀರಿಕೊಂಡಾಗ, ಬಿಸಿನೀರಿನ ಬುಗ್ಗೆಯ ಪ್ರವಾಸದಲ್ಲಿ ತೆಗೆದ ಗುಂಪುಚಿತ್ರದಿಂದ ಮುಖ ಕತ್ತರಿಸಿ ಇಟ್ಟಿದ್ದರಂತೆ. ಭುಜದ ಮೇಲೆ ಯಾರದೋ ಬೆರಳುಗಳು ಹಾಗೇ ಉಳಿದಿದ್ದವಂತೆ. ಸ್ಟುಡಿಯೋಗೆ ಕರೆದೊಯ್ಯುತ್ತೇನೆಂದರೂ ಒಪ್ಪಲಿಲ್ಲ. "ಅವರ ಕ್ಯಾಮೆರಾದಲ್ಲೇ ತೆಗಿ ಕಣೋ," ಎಂದಳು. "ಅಲ್ಲಿಗೆ ಹೋದ್ಮೇಲೆ ಅವರಿಗೆ ನನ್ನ ಗುರುತು ಸಿಗಬೇಕು."

ಭಾವ ಹೋದ ಮೇಲೆ ಅಕ್ಕ ಕ್ಯಾಮೆರಾದ ಮುಂದೆ ನಕ್ಕವಳಲ್ಲ. ಆ ದಿನ ಕೂದಲು ಕಟ್ಟಿಸಿಕೊಂಡು, ಹೊಗೆ ಬಣ್ಣದ ಕಿಮೊನೊ ಉಟ್ಟು, ಕಿಟಕಿಯ ಪಕ್ಕ ತೆರಿಗೆ ಇಲಾಖೆಗೆ ಬಂದವಳಂತೆ ಬಿಗಿಯಾಗಿ ಕೂತಳು. ನಾನು ತಮ್ಮನ್ನು ತೆಗೆದು, ಮಸೂರವನ್ನು ಒರೆಸಿ, ಅದರ ಹೊಳಪು ಮೆಚ್ಚಿ, ಅಭ್ಯಾಸಬಲದಿಂದ ತಮ್ಮನ್ನು ಮತ್ತೆ ಸ್ವಸ್ಥಾನದಲ್ಲಿ ಕೂರಿಸಿದೆ. ನಂತರ ಟ್ರಾಮಿನಲ್ಲಿ ಜೀವಮಾನವಿಡೀ ಮಾಡಿದಂತೆ, ಒಂದೊಂದನ್ನೂ ಬೆರಳಿನಿಂದ ತೋರಿಸಿ ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಂಡೆ: ದೂರ, ಸರಿ, ಬೆಳಕು, ಸರಿ, ವೇಗ, ಸರಿ. ಅಷ್ಟರಲ್ಲಿ ಅಕ್ಕ, "ಟ್ರಾಮು ಹೊರಡುತ್ತಾ, ಟಿಕೆಟ್ ತಗೋಬೇಕಾ?" ಎಂದು ಕೇಳಿ ತಾನೇ ನಕ್ಕುಬಿಟ್ಟಳು. ನಗುತ್ತಾ ಮುಂದೆ ಬಾಗಿದ್ದರಿಂದ ಕಿಂಡಿಯಲ್ಲಿ ಎರಡಾಗಿ ಕಂಡ ಅವಳ ಮುಖ, ದೂರ ಹೊಂದಿಸುವ ಉಂಗುರ ತಿರುಗಿಸಿದಂತೆ ಒಂದರ ಮೇಲೊಂದು ಸರಿದು ಒಂದೇ ಆಯಿತು. ಆ ನಗು ಸೇತುವೆಯ ಮೇಲಿನ ಹುಡುಗಿಯದು. ನನ್ನ ಕಣ್ಣು ಮಂಜಾಯಿತು. ಫಿಲ್ಮ್ ಮುಗಿಯುವವರೆಗೆ ಒತ್ತುತ್ತಲೇ ಹೋದೆ.

ಫಿಲ್ಮ್ ತೊಳೆಯುವ ಅಂಗಡಿಯ ಹೆಂಗಸು ಬಹಳ ಸೂಕ್ಷ್ಮ ಮನಸ್ಸಿನವರು. ಎರಡೂ ಕೈಯಲ್ಲಿ ಫಿಲ್ಮನ್ನು ಒಪ್ಪಿಸುತ್ತಾ, ಅಂಚಿನ ಅಂಕಿಗಳೆಲ್ಲ ತುಂಬ ಸ್ಪಷ್ಟವಾಗಿ ಬಂದಿವೆ ಎಂದು ಅಭಿನಂದಿಸಿದರು. ಅಂಕಿಗಳ ನಡುವೆ ತೊಳೆದ ಗಾಜಿನ ಹಾಗೆ ಏನೂ ಇರಲಿಲ್ಲ. ತಮ್ಮ ಕಾವಲು ಅಷ್ಟು ಭದ್ರವಾಗಿತ್ತು.

ಅಕ್ಕ ದಿನವೂ ಫೋನ್ ಮಾಡಿದಳು. ಅಂಗಡಿಗೆ ರಜೆ ಎಂದೆ, ಔಷಧ ಮುಗಿದಿದೆ ಎಂದೆ, ಯಂತ್ರ ಕೆಟ್ಟಿದೆ ಎಂದೆ. ಆಸ್ಪತ್ರೆಯವರು ಕೊಟ್ಟ ದಿನ ಹತ್ತಿರ ಬಂದಾಗ ಬೇರೆ ದಾರಿಯಿಲ್ಲದೆ ಹೋಗಿ, ತಮ್ಮನ್ನು ಅವಳ ಮುಂದಿನ ಮೇಜಿನ ಮೇಲಿಟ್ಟು, ಹಣೆಯನ್ನು ತತಾಮಿ ಚಾಪೆಗೆ ಹಚ್ಚಿ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ತಮ್ಮನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವರ ಕೆಂಪು ಮುಚ್ಚಳ ಎಲ್ಲಿ ಎಂದು ಕೇಳಿದಳು. ಡ್ರಾಯರಿನಲ್ಲಿದೆ ಎಂದೆ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಪಟ ಇಲ್ಲ ಅಂದ್ಮೇಲೆ ನಾನು ಸಾಯೋ ಹಾಗಿಲ್ಲ," ಎಂದಳು ಕೊನೆಗೆ. "ಏಳು, ಆಸ್ಪತ್ರೆಗೆ ಹೋಗಿ ಬರೋಣ."

ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತೂ ನಾನು ಹೊರಗಿನ ಬೆಂಚಿನಲ್ಲಿ ತಮ್ಮನ್ನು ಜೇಬಿನೊಳಗೆ ಹಿಡಿದು ಕೂತಿದ್ದೆ. ನನಗೆ ಹೆದರಿಕೆಯಾಗಿತ್ತು, ಹೇಳಲು ನಾಚಿಕೆಯಿಲ್ಲ. ಅವಳು ಹೋಗಿಬಿಟ್ಟರೆ ಹೂಗಳ ನಡುವೆ ಇನ್ನೊಬ್ಬರ ಬೆರಳು ಹೊತ್ತ ಮುಖವೊಂದನ್ನು ಇಡಬೇಕು, ಹಾಶಿಜುಮೆಯ ಒಂದು ಮಾತಿಗಾಗಿ. ಆದರೆ ಅಕ್ಕ ಬದುಕಿ ಬಂದಳು. ಎಚ್ಚರವಾದೊಡನೆ ಗಂಜಿಗೆ ಉಪ್ಪಿಲ್ಲವೆಂದು ದಾದಿಯನ್ನು ಗದರಿದಳಂತೆ.

ಕಳೆದ ವಾರ ಕೆಂಪು ಮುಚ್ಚಳವನ್ನೇ ತೊಡಿಸಿ ಕ್ಯಾಮೆರಾವನ್ನು ಅವಳ ಮನೆಗೆ ಒಯ್ದೆ. ಈ ಸಲ ತಪ್ಪುವುದಿಲ್ಲ ಎಂದೆ. ಅದೇ ಕಿಮೊನೊ, ಅದೇ ಕಿಟಕಿ. ಅಕ್ಕ ಕೈ ಚಾಚಿ ಕೆಂಪು ಮುಚ್ಚಳವನ್ನು ತೆಗೆದು, ಸೆರಗಿನ ಹಾಗೆ ಇಳಿಬಿದ್ದ ಕಿಮೊನೊದ ತೋಳಿನೊಳಗೆ ಸೇರಿಸಿಕೊಂಡಳು. ನಂತರ ನನ್ನ ಜೇಬಿನಿಂದ ತಮ್ಮನ್ನು ಕೇಳಿ ಪಡೆದು, ತಾನೇ ಮಸೂರಕ್ಕೆ ಒತ್ತಿ ಕೂರಿಸಿದಳು. ಹಿಂದಕ್ಕೆ ಸರಿದು ನೇರವಾಗಿ ಕೂತು, ಬೆರಳನ್ನು ತಮ್ಮತ್ತ ತೋರಿಸಿ, ಮೂವತ್ತು ವರ್ಷ ಟ್ರಾಮ್ ಓಡಿಸಿದವಳ ಗತ್ತಿನಲ್ಲಿ ಹೇಳಿದಳು:

"ಮುಚ್ಚಳ, ಸರಿ. ಈಗ ತೆಗಿ."

ಅವಳು ನಕ್ಕಳು. ನಾನು ಒತ್ತಿದೆ. ಪ್ರತಿ ವರ್ಷ ಇದೇ ದಿನ ಹೀಗೇ ತೆಗೆಯಬೇಕೆಂದು ಅಪ್ಪಣೆಯಾಗಿದೆ. ಆದ್ದರಿಂದ ಮಾನ್ಯರೇ, ತಾವು ಆ ದಿನ ತಪ್ಪದೆ ಹಾಜರಿದ್ದು, ಒಂದು ಎಳೆ ಬೆಳಕನ್ನೂ ಒಳಗೆ ಬಿಡದೆ, ಅಕ್ಕನ ಚಿತ್ರ ಎಂದೆಂದಿಗೂ ಸಿದ್ಧವಾಗದಂತೆ ನೋಡಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ.

ಕಿಂಡಿಯಲ್ಲಿ ಎಲ್ಲವನ್ನೂ ಕಂಡು ಫಿಲ್ಮಿನಲ್ಲಿ ಏನನ್ನೂ ಪಡೆಯದ,
ತಮ್ಮ ವಿಶ್ವಾಸಿ,
ಕುವಾಬಾರ ತಾಮೊತ್ಸು

ತಾ.ಕ.: ವರ್ಷದ ಉಳಿದ ದಿನಗಳಿಗೆ ಉಪ್ಪಿನಕಾಯಿಯ ಮುಚ್ಚಳದವರನ್ನೇ ಮತ್ತೆ ನೇಮಿಸಲಾಗಿದೆ, ಹಾಶಿಜುಮೆ ಏನು ಬೇಕಾದರೂ ಅಂದುಕೊಳ್ಳಲಿ. ತಾವು ಡ್ರಾಯರಿನಲ್ಲಿ ವಿಶ್ರಮಿಸಬಹುದು. ಆದರೆ ಆ ಒಂದು ದಿನ ತಾವು ಸ್ವಲ್ಪ ಸಡಿಲವಾಗಿ ಜಾರಿ, ಒಂದೇ ಒಂದು ಚಿತ್ರ ಮೂಡಿದರೂ, ಯೋದೊ ನದಿಗೆ ಟ್ರಾಮು ಹತ್ತಿ ಹೋಗಿಬರುವುದು ನನಗೆ ದೊಡ್ಡ ಪ್ರಯಾಣವೇನಲ್ಲ.