ಟು-ಲೆಟ್ ಬೋರ್ಡ್ ಇಲ್ಲದ ಊರಿನಲ್ಲಿ

ಕೆಲವರ ಜಾತಕದಲ್ಲಿ ಮನೆ ಕಟ್ಟುವ ಯೋಗ ಇರುತ್ತದೆ, ಕೆಲವರದರಲ್ಲಿ ಮನೆ ಕೊಳ್ಳುವ ಯೋಗ. ನಮ್ಮದರಲ್ಲಿ ಇರುವುದು ಮನೆ ನೋಡುವ ಯೋಗ ಮಾತ್ರ. ಹೋದಲ್ಲೆಲ್ಲ ನೋಡುತ್ತಲೇ ಇರುತ್ತೇವೆ, ನೋಡಿದಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ.

ಬೆಂಗಳೂರಿನಲ್ಲಾದರೆ ಗೇಟಿಗೆ ಟು-ಲೆಟ್ ಬೋರ್ಡು ನೇತುಹಾಕಿರುತ್ತಾರೆ. ಬೆಲ್ ಒತ್ತಿದರೆ ಓನರ್ ಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನಾವು ಬನಶಂಕರಿಯಲ್ಲಿ ಬಿಟ್ಟು ಬಂದ ಮನೆಯ ಓನರ್ ಹಾಗೆ ನೋಡುವುದರಲ್ಲಿ ನಿಸ್ಸೀಮರು. ನಿವೃತ್ತ ಅಧಿಕಾರಿ, ದೊಡ್ಡ ಮೀಸೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಮನೆ ಖಾಲಿ ಮಾಡುವ ದಿನ ಟಾರ್ಚ್ ಹಿಡಿದು ಒಂದೊಂದು ಗೋಡೆಯನ್ನೂ ಪರೀಕ್ಷೆ ಮಾಡಿದರು. ಹಾಲಿನ ಗೋಡೆಯಲ್ಲಿ ನನ್ನ ಮಗಳು ನೀಲಿ ಕ್ರೇಯಾನಿನಲ್ಲಿ ಮನೆಮಂದಿಯನ್ನೆಲ್ಲ ಬರೆದಿಟ್ಟಿದ್ದಳು. "ಮೇಡಂ, ಇದೇನಿದು?" ಎಂದು ಟಾರ್ಚ್ ಅಲ್ಲೇ ನಿಲ್ಲಿಸಿದರು. ಪೇಂಟಿಂಗ್ ಚಾರ್ಜ್ ಎಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಇನ್ನು ಮೇಲೆ ಈ ಮನುಷ್ಯನ ದನಿ ಕೇಳಬೇಕಾಗಿಲ್ಲ ಎಂಬ ನೆಮ್ಮದಿಯಲ್ಲೇ ನಾನು ವಿಮಾನ ಹತ್ತಿದ್ದೆ.

ಸಿಯಾಟಲ್‌ನಲ್ಲಿ ಕೆಲಸ ಸಿಕ್ಕಿದ್ದು ನನಗೆ. ಜೊತೆಯಲ್ಲಿ ಬಂದವರು ನನ್ನ ಗಂಡ, ಅತ್ತೆ, ಆರು ವರ್ಷದ ಮಗಳು. ಕಂಪನಿಯವರು ಸೌತ್ ಲೇಕ್ ಯೂನಿಯನ್ ಎಂಬ ಬಡಾವಣೆಯಲ್ಲಿ ಆಫೀಸಿನ ಹತ್ತಿರವೇ ಒಂದು ಎತ್ತರದ ಕಟ್ಟಡದಲ್ಲಿ ತಾತ್ಕಾಲಿಕವಾಗಿ ಇರಲು ಮನೆ ಕೊಟ್ಟಿದ್ದರು. ಬೇಸಿಗೆ ಮುಗಿಯುವುದರೊಳಗೆ ಅದನ್ನು ಬಿಡಬೇಕು. ಮಗಳನ್ನು ಊರಿನ ಪೂರ್ವಕ್ಕಿರುವ ದೊಡ್ಡ ಕೆರೆಯ ಆಚೆ ಕಡೆಯ ಶಾಲೆಗೆ ಸೇರಿಸಬೇಕು ಎಂದುಕೊಂಡಿದ್ದೆವು. ಆ ಕಡೆಯ ಶಾಲೆಗೆ ಸೇರಬೇಕಾದರೆ ಆ ಕಡೆಯಲ್ಲೇ ಮನೆ ಇರಬೇಕಂತೆ. ಅವಳಿಗೆ ಬ್ಯಾಗು ಮಾತ್ರ ಆಗಲೇ ಕೊಡಿಸಿಬಿಟ್ಟಿದ್ದೆವು. ದಿನಾ ಬೆಳಗ್ಗೆ ಅದನ್ನು ಹೆಗಲಿಗೇರಿಸಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದಳು.

"ಅಮ್ಮಾ, ಇವತ್ತು ಸ್ಕೂಲಾ?"

"ಇಲ್ಲ ಪುಟ್ಟಿ, ಇನ್ನೂ ಮನೆ ಸಿಕ್ಕಿಲ್ಲ."

"ಮನೆ ಇರೋರಿಗೆ ಮಾತ್ರ ಸ್ಕೂಲಾ?"

ಅವತ್ತಿನಿಂದಲೇ ಮನೆ ನೋಡಲು ಹೊರಟೆವು.

ಬೇಸಿಗೆಯ ರಾಹುಕಾಲ

ಮೊದಲ ಮನೆ ನೋಡಿದ ತಕ್ಷಣ ಎಲ್ಲರಿಗೂ ಹಿಡಿಸಿತು. ತೋರಿಸಿದವಳು ಲೀಸಿಂಗ್ ಆಫೀಸಿನ ಬಿಳಿಯ ಹುಡುಗಿ, ಮುಖದ ತುಂಬ ನಗು. ನನ್ನ ಗಂಡ ನಾಚಿಕೊಳ್ಳುತ್ತಲೇ ಜೇಬಿನಿಂದ ಫೋನ್ ತೆಗೆದು ಅದರಲ್ಲಿನ ದಿಕ್ಸೂಚಿ ತೆರೆದರು. ಹುಡುಗಿ ಕೈ ಅಡ್ಡ ಹಿಡಿದು, "ನೋಡೋದೇ ಬೇಡ, ಈಸ್ಟ್ ಫೇಸಿಂಗ್. ಒಲೆ ಆಗ್ನೇಯಕ್ಕಿದೆ. ನಿಮ್ಮವರು ಬಂದರೆ ಮೊದಲು ಹೋಗೋದೇ ಇದು. ಇವತ್ತೇ ಅಪ್ಲೈ ಮಾಡಿ" ಎಂದಳು. ನಾನು ಅನುವಾದಿಸಿ ಹೇಳಿದಾಗ ಅತ್ತೆ ಆ ಹುಡುಗಿಯ ಗಲ್ಲ ಸವರಿ ಲಟಿಕೆ ಮುರಿದರು.

ವಾಪಸ್ ಬಂದು ನನ್ನ ಗಂಡ ಲ್ಯಾಪ್‌ಟಾಪ್ ತೆರೆದರು.

"ಈಗ್ಲೇ ಬೇಡಪ್ಪಾ, ರಾಹುಕಾಲ" ಎಂದರು ಅತ್ತೆ.

"ಅಮ್ಮಾ, ಅದು ಬೆಂಗಳೂರಿನ ಕ್ಯಾಲೆಂಡರ್. ಅಲ್ಲಿ ಈಗ ಎಲ್ರೂ ಮಲಗಿದಾರೆ."

"ಹಾಗಾದ್ರೆ ಇಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕು. ಸೂರ್ಯ ಇಲ್ಲೂ ಹುಟ್ತಾನೆ ತಾನೇ?"

ಹುಟ್ಟುತ್ತಾನೆ. ತೊಂದರೆ ಏನೆಂದರೆ ಇಲ್ಲಿ ಬೇಸಿಗೆಯಲ್ಲಿ ಅವನು ಮುಳುಗುವುದೇ ಇಲ್ಲ ಅನ್ನಬೇಕು. ಹಗಲು ಉದ್ದವಾದಷ್ಟೂ ರಾಹುಕಾಲವೂ ಉದ್ದ. ಗಂಡ ಲೆಕ್ಕ ಹಾಕಿ ನೋಡಿದರೆ ಬೆಂಗಳೂರಿನದಕ್ಕಿಂತ ದೊಡ್ಡ ರಾಹುಕಾಲ ಆಗಷ್ಟೇ ಶುರುವಾಗಿತ್ತು. ಲೆಕ್ಕ ಹಾಕದೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾದ ಮೇಲೆ ಮೀರುವುದು ಹೇಗೆ? ಕಾಫಿ ಕುಡಿದು, ಊಟ ಮಾಡಿ, ಕಾದು ಕುಳಿತು, ಒಳ್ಳೆಯ ಗಳಿಗೆಯಲ್ಲಿ ಬಟನ್ ಒತ್ತಿದರು. ಮನೆ ಹೋಗಿಬಿಟ್ಟಿತ್ತು. ಫೋನ್ ಮಾಡಿದರೆ ಆ ಹುಡುಗಿ ತುಂಬ ಬೇಜಾರು ಮಾಡಿಕೊಂಡು, ನಮ್ಮ ಹಿಂದೆಯೇ ಬಂದ ಹೈದರಾಬಾದಿನ ಒಂದು ಕುಟುಂಬ ತೆಗೆದುಕೊಂಡಿತು ಎಂದಳು.

ಅತ್ತೆಗೆ ಆಶ್ಚರ್ಯ. "ಯಾಕೆ, ತೆಲುಗಿನವರಿಗೆ ರಾಹುಕಾಲ ಇಲ್ವಾ?"

"ಇದೆ ಅಮ್ಮಾ" ಎಂದರು ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚುತ್ತ. "ಅದು ಶುರುವಾಗೋಕೆ ಮುಂಚೆ ಅವರು ಕಾರಲ್ಲೇ ಕೂತು ಅಪ್ಲೈ ಮಾಡಿದಾರೆ."

ಕೆಲಸಕ್ಕೆ ಬಾರದ ಸ್ವಿಚ್ಚು

ಒಳಗೆ ಯಾರಿದ್ದರೂ ಸರಿ, ನಮ್ಮ ಅತ್ತೆ ಮನೆಯಿಂದ ಹೊರಡುವುದೆಂದರೆ ಒಂದು ಕ್ರಮವಿದೆ. ಗ್ಯಾಸ್ ಆಫ್, ನಲ್ಲಿ ಬಿಗಿ, ಕಂಡ ಸ್ವಿಚ್ಚೆಲ್ಲ ಆಫ್, ಬೀಗ ಹಾಕಿ ಒಂದು ಸಲ ಜಗ್ಗಿ ನೋಡುವುದು. ವಾಪಸ್ ಬಂದ ಮೇಲೆ ಆಫ್ ಮಾಡಿದ ಸ್ವಿಚ್ಚೆಲ್ಲ ಮತ್ತೆ ಆನ್. ಬನಶಂಕರಿಯಲ್ಲಿ ಮೂವತ್ತು ವರ್ಷ ನಡೆದ ಕ್ರಮ ಸಿಯಾಟಲ್‌ನಲ್ಲಿ ತಪ್ಪೀತೇ?

ಇಲ್ಲಿನ ಮನೆಗಳ ಹಾಲಿನಲ್ಲಿ ಸೂರಿಗೆ ದೀಪವೇ ಇಲ್ಲ. ಕಂಪನಿ ಕೊಟ್ಟ ನಮ್ಮ ಮನೆಯಲ್ಲಿ ಬಾಗಿಲ ಪಕ್ಕ ಒಂದು ಸ್ವಿಚ್ಚು ಮಾತ್ರ ಇತ್ತು. ಒತ್ತಿದರೆ ಏನೂ ಹತ್ತುವುದಿಲ್ಲ, ಏನೂ ಆರುವುದಿಲ್ಲ. ಕೆಟ್ಟಿರಬೇಕು ಎಂದು ನಾವು ಬಿಟ್ಟಿದ್ದೆವು. ಅತ್ತೆ ಬಿಟ್ಟಿರಲಿಲ್ಲ.

ಆ ವಾರಗಳಲ್ಲೇ ನಮ್ಮ ಇಂಟರ್ನೆಟ್ಟಿಗೆ ಒಂದು ವಿಚಿತ್ರ ಕಾಯಿಲೆ ಹಿಡಿಯಿತು. ಸಂಜೆ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಮನೆ ಹತ್ತಿರದ ಸಣ್ಣ ಕೆರೆಯ ಕಡೆ ವಾಕಿಂಗ್ ಹೋದರೆ ನೆಟ್ ಹೋಗುತ್ತಿತ್ತು, ಅವರು ಬಂದರೆ ಬರುತ್ತಿತ್ತು. ನನ್ನ ಗಂಡ ಮನೆಯಿಂದಲೇ ಕೆಲಸ ಮಾಡುವವರು. ರೂಮಿನಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದರು. ರಿಪೇರಿಯವನನ್ನು ಕರೆಸಿದರೆ ಅತ್ತೆ ಮನೆಯಲ್ಲೇ ಇದ್ದರು, ಕಾಫಿ ಕೊಟ್ಟರು. ನೆಟ್ ಭರ್ಜರಿಯಾಗಿ ಓಡುತ್ತಿತ್ತು. ಅವನು ಏನೂ ತೊಂದರೆ ಇಲ್ಲ ಎಂದು ಕಾಫಿ ಕುಡಿದು ಹೋದ. "ನಾನು ಮನೇಲಿದ್ರೆ ಲಕ್ಷ್ಮಿ ಇದ್ದ ಹಾಗೆ ಅಂತ ನಿಮ್ಮ ಮಾವ ಹೇಳ್ತಿದ್ರು" ಎಂದು ಅತ್ತೆ ನನ್ನ ಕಡೆ ನೋಡಿದರು. ಸಾಕ್ಷಿಯೆಲ್ಲ ಅವರ ಕಡೆಗಿತ್ತು.

ಎರಡನೆಯ ಮನೆಗೆ ಅರ್ಜಿ ಹಾಕುವ ದಿನ ಈ ಸಲ ಕಾಯುವುದೇ ಬೇಡ ಎಂದು ಗಂಡ ನೋಡಿಬಂದ ತಕ್ಷಣ ಕೂತರು. ಪಾಸ್‌ಪೋರ್ಟು, ವೀಸಾ, ಸಂಬಳದ ಕಾಗದ ಎಲ್ಲ ಅಪ್‌ಲೋಡ್ ಆಗುತ್ತಿತ್ತು. ಗಲಾಟೆ ಆಗದಿರಲಿ ಎಂದು ಅತ್ತೆ ಮಗುವನ್ನು ಕರೆದುಕೊಂಡು ವಾಕಿಂಗ್ ಹೊರಟರು. ನೆಟ್ ಹೋಯಿತು. ಅವರು ಬರುವಷ್ಟರಲ್ಲಿ ಆ ಮನೆಯೂ ಹೋಯಿತು.

ಗುಟ್ಟು ಬಿಡಿಸಿದ್ದು ನನ್ನ ಮಗಳು. ಬಾಗಿಲ ಬಳಿ ಬ್ಯಾಗ್ ಹಾಕಿಕೊಂಡು ನಿಂತವಳು ಬೇಜಾರಿಗೆ ಆ ಸ್ವಿಚ್ಚು ಒತ್ತಿ, "ಅಪ್ಪಾ ನೋಡು, ಅಲ್ಲಿ ಮೂಲೇಲಿ ಹಸಿರು ಲೈಟ್ ಹೋಯ್ತು. ಈಗ ಬಂತು!" ಎಂದಳು. ಆ ಸ್ವಿಚ್ಚಿನಿಂದ ಕರೆಂಟು ಹೋಗುತ್ತಿದ್ದುದು ಗೋಡೆಯ ಮೂಲೆಯ ಪ್ಲಗ್ ಪಾಯಿಂಟಿಗೆ. ಅಲ್ಲಿತ್ತು ನಮ್ಮ ಇಂಟರ್ನೆಟ್ ಡಬ್ಬಿ.

ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಅವರಿಗೆ ಎಳ್ಳಷ್ಟೂ ಅಳುಕಿಲ್ಲ.

"ಈ ದೇಶದಲ್ಲಿ ಲೈಟಿಗೆ ಸ್ವಿಚ್ಚಿಲ್ಲ, ಸ್ವಿಚ್ಚಿಗೆ ಲೈಟಿಲ್ಲ. ನನ್ನನ್ಯಾಕೆ ನೋಡ್ತೀರ?"

ಊಟಕ್ಕೆ ಕೂರಬೇಕಾದವರು

ಮೂರನೆಯದು ಕೆರೆಯ ಆಚೆ ಕಡೆ, ವುಡಿನ್‌ವಿಲ್ ಎಂಬ ಊರಿನಲ್ಲಿ. ಅಷ್ಟು ಹೊತ್ತಿಗೆ ನನಗೆ ಉತ್ಸಾಹವೆಂಬುದು ಉಳಿದಿರಲಿಲ್ಲ. ನಾಲ್ಕು ಗೋಡೆ, ಒಂದು ಬಾಗಿಲು, ಅದರ ಮೇಲೊಂದು ನಂಬರ್ ಇದ್ದರೆ ಸಾಕು ಅನ್ನುವ ಸ್ಥಿತಿ. ದಾರಿಯುದ್ದಕ್ಕೂ ವೈನ್ ತಯಾರಿಸಿ ಮಾರುವ ವೈನರಿಗಳು. ಅತ್ತೆ ಕಾರಿನ ಕಿಟಕಿಯಿಂದ ಅವುಗಳನ್ನೇ ನೋಡುತ್ತಿದ್ದರು.

ಇಲ್ಲಿ ನಾವು ಬಾಡಿಗೆಗೆ ತೆಗೆದುಕೊಳ್ಳುವ ಮನೆಯನ್ನು ತೋರಿಸುವುದಿಲ್ಲ, ಅದೇ ಅಳತೆಯ ಮಾದರಿ ಮನೆಯನ್ನು ತೋರಿಸುತ್ತಾರೆ. ಸೋಫಾ, ಪರದೆ, ಮಂಚದ ಮೇಲೆ ಹತ್ತು ದಿಂಬು. ಊಟದ ಟೇಬಲ್ಲಿನ ಮೇಲೆ ನಾಲ್ಕು ತಟ್ಟೆ, ಮಡಚಿದ ಬಟ್ಟೆ, ನಾಲ್ಕು ವೈನ್ ಗ್ಲಾಸು. ನಾವು ಚಪ್ಪಲಿ ಬಿಟ್ಟು ಒಳಗೆ ಹೋದೆವು. ರೂಮು ನೋಡಿ ಬಂದರೆ ಅತ್ತೆ ಹೊಸಿಲು ದಾಟದೆ ಸೆರಗು ಹೊದ್ದು ಹೊರಗೇ ನಿಂತಿದ್ದಾರೆ.

"ಬನ್ನಿ ಅತ್ತೆ, ಅಡುಗೆಮನೆ ನೋಡಿ."

"ಪಾಪ, ಊಟಕ್ಕೆ ಬಡಿಸೋಕೆ ಇಟ್ಟಿದಾರೆ. ಅಂಥಾ ಹೊತ್ತಲ್ಲಿ ಅವರ ಬೆಡ್‌ರೂಮಿಗೆಲ್ಲ ನುಗ್ತೀರಲ್ಲೇ, ಬನ್ನಿ ಈಚೆಗೆ."

ಇಲ್ಲಿ ಯಾರೂ ಇಲ್ಲ, ಇದೆಲ್ಲ ತೋರಿಕೆಗೆ ಎಂದು ನಾನೂ ನನ್ನ ಗಂಡನೂ ಸರದಿಯ ಮೇಲೆ ಹೇಳಿದೆವು. ಅತ್ತೆ ತಲೆಯಾಡಿಸಿದರು, ನಂಬಲಿಲ್ಲ. ಅಷ್ಟರಲ್ಲೇ ನಮಗೆ ಕೊಡಬೇಕಾದ ಮನೆ ಮುಂದಿನ ತಿಂಗಳವರೆಗೆ ಖಾಲಿಯಾಗುವುದಿಲ್ಲ ಎಂದೂ ಗೊತ್ತಾಯಿತು. ಶಾಲೆ ಅದಕ್ಕೆ ಮೊದಲೇ ಶುರು. ಕಾರು ಹತ್ತಿ ಹೊರಟೆವು. ಸ್ವಲ್ಪ ದೂರ ಬಂದ ಮೇಲೆ ಅತ್ತೆಯೇ ನನಗೆ ಸಮಾಧಾನ ಹೇಳಿದರು.

"ಹೋಗ್ಲಿ ಬಿಡೇ. ಮನೆ ಚೆನ್ನಾಗಿತ್ತು, ಆದ್ರೆ ಇರೋರು ಕುಡೀತಾರೆ."

ಹಳೇ ಓನರ್

ಕೊನೆಗೆ ಶಾಲೆಯ ಕಡೆಯಲ್ಲೇ, ಸಮಾಮಿಶ್ ಗುಡ್ಡದ ತಪ್ಪಲಿನಲ್ಲಿ ಒಂದು ಅಪಾರ್ಟ್‌ಮೆಂಟ್ ಸಿಕ್ಕಿತು. ಸಿಕ್ಕಿತು ಎನ್ನುವಂತಿಲ್ಲ, ಸಿಗುವ ಹಂತಕ್ಕೆ ಬಂತು. ಬಾಗಿಲು ಯಾವ ದಿಕ್ಕಿಗೆ ಎಂದು ಅತ್ತೆಯೂ ಕೇಳಲಿಲ್ಲ. ಮ್ಯಾನೇಜರ್ ವಯಸ್ಸಾದ ಹೆಂಗಸು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಮುಖದಲ್ಲಿ ನಗು ಇಲ್ಲ.

"ಎಲ್ಲ ಸರಿಯಾಗಿದೆ. ಹಿಂದಿನ ಮನೆಯ ಮಾಲೀಕರ ಹತ್ತಿರ ಒಂದೆರಡು ಮಾತು ಕೇಳಬೇಕು. ಮೇಲ್ ಕಳಿಸಿದೆ, ಉತ್ತರ ಬಂದಿಲ್ಲ. ಅವರು ಸರಿ ಅಂದರೆ ಇವತ್ತೇ ಸಹಿ, ಇಲ್ಲದಿದ್ದರೆ ಇನ್ನೊಬ್ಬರು ಕಾಯುತ್ತಿದ್ದಾರೆ" ಎಂದರು.

ನನ್ನ ಮಗಳ ಶಾಲೆ ಹೋಗಿ ಹೋಗಿ ಆ ಟಾರ್ಚಿನ ಮನುಷ್ಯನ ಕೈಯಲ್ಲಿ! ಬೇರೆ ದಾರಿಯಿರಲಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಊಟ ಮುಗಿಸಿ ಕೂತಿರುವ ಹೊತ್ತು ಎಂದು ಲೆಕ್ಕ ಹಾಕಿ ನನ್ನ ಫೋನಿನಿಂದಲೇ ಕರೆ ಮಾಡಿ, ವಿಷಯ ತಿಳಿಸಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಮುಂದೆ ಅವರಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ನಾನು ದೇವರನ್ನು ಕರೆದದ್ದು ಕನ್ನಡದಲ್ಲಿ.

"ಇವರು ಬಾಡಿಗೆ ಸರಿಯಾಗಿ ಕೊಡುತ್ತಿದ್ದರೇ?" ಎಂದು ಮ್ಯಾನೇಜರ್ ಕೇಳಿದರು.

"ಬಾಡಿಗೆ ವಿಷಯ ಆಮೇಲೆ. ಮೊದಲು ನಿಮ್ಮಲ್ಲಿ ನೀರು ಹೇಗೆ ಹೇಳಿ. ದಿನಾ ಬರುತ್ತಾ, ದಿನ ಬಿಟ್ಟು ದಿನಾನಾ?"

ಮ್ಯಾನೇಜರ್ ನನ್ನ ಮುಖ ನೋಡಿದರು. "ಯಾವಾಗಲೂ ಬರುತ್ತದೆ."

"ಮೇಲಿನ ಮನೇಲಿ ಯಾರಿದಾರೆ? ಬ್ಯಾಚುಲರ್ಸಾ?"

"ಅದನ್ನೆಲ್ಲ ನಾನು ಹೇಳುವಂತಿಲ್ಲ."

"ಹಾಗಾದ್ರೆ ಬ್ಯಾಚುಲರ್ಸೇ. ಇರಲಿ. ಅಡ್ವಾನ್ಸ್ ಎಷ್ಟು ತಗೋತಿದೀರ?"

"ಒಂದು ತಿಂಗಳ ಬಾಡಿಗೆ."

"ಮೇಡಂ, ನೀವು ಮೋಸ ಹೋಗ್ತಿದೀರ. ನಾವಿಲ್ಲಿ ಹತ್ತು ತಿಂಗಳದ್ದು ತಗೋತೀವಿ."

ನನ್ನ ಗಂಡನಿಗೆ ಕೆಮ್ಮು ಬಂತು. ಮ್ಯಾನೇಜರ್ ಪೆನ್ನು ತೆಗೆದು ಏನೋ ಬರೆದುಕೊಂಡರು. ಅದೇನೆಂದು ಇಣುಕಿ ನೋಡುವ ಧೈರ್ಯ ನನಗಾಗಲಿಲ್ಲ.

"ಇವರ ಮೇಲೆ ದೂರು ಏನಾದರೂ?"

"ಇದೆ. ನಾನು ಟ್ಯಾಂಕ್ ತುಂಬಲಿ ಅಂತ ಮೋಟರ್ ಆನ್ ಮಾಡಿದ್ರೆ, ಆ ಅಜ್ಜಿ ಹೊರಗೆ ಹೋಗೋವಾಗ ಆಫ್ ಮಾಡಿ ಹೋಗ್ತಿದ್ರು."

ಇಂಗ್ಲಿಷ್ ಅರ್ಥವಾಗದ ಅತ್ತೆ ಓನರ್ ದನಿ ಕೇಳಿದ ಖುಷಿಯಲ್ಲಿ ತಲೆಯಾಡಿಸುತ್ತಿದ್ದರು.

"ಮನೆಗೆ ಹಾನಿ ಏನಾದರೂ ಮಾಡಿದ್ದರೇ?"

ನಾನು ಕಣ್ಣು ಮುಚ್ಚಿದೆ. ನೀಲಿ ಕ್ರೇಯಾನು, ಟಾರ್ಚು, ಎಲ್ಲ ಕಣ್ಣೆದುರಿಗೆ ಬಂತು.

"ಹಾನಿನಾ? ಏನೂ ಇಲ್ಲ" ಎಂದರು ಓನರ್.

ನಾನು ಕಣ್ಣು ತೆರೆದೆ.

"ಕೊನೆಯ ಪ್ರಶ್ನೆ. ಇವರಿಗೆ ಇನ್ನೊಮ್ಮೆ ಮನೆ ಕೊಡುತ್ತೀರಾ?"

"ಯಾಕೆ?" ದನಿ ಏರಿತು. "ವಾಪಸ್ ಬರ್ತಿದಾರಾ?"

"ಇಲ್ಲ, ಇಲ್ಲ. ಇದು ಎಲ್ಲರನ್ನೂ ಕೇಳುವ ಪ್ರಶ್ನೆ."

"ಓ. ಬರಲ್ವಾ." ದನಿ ಇಳಿಯಿತು. "ಬಂದ್ರೆ ಕೊಡ್ತೀನಿ ಮೇಡಂ, ಯಾವಾಗ ಬೇಕಾದ್ರೂ ಕೊಡ್ತೀನಿ. ಆ ಮಗು ಗೋಡೆ ಮೇಲೆ ಎಲ್ರ ಚಿತ್ರ ಬರೆದಿದೆ. ನಾನೂ ಇದೀನಿ, ಬೀಗದ ಕೈ ಸಮೇತ. ಮೀಸೆ ಬಹಳ ಚೆನ್ನಾಗಿ ಬಂದಿದೆ. ಅಳಿಸೋಕೆ ಮನಸ್ಸಾಗಲಿಲ್ಲ. ಆ ಗೋಡೆ ಒಂದು ಬಿಟ್ಟು ಉಳಿದಿದ್ದಕ್ಕೆ ಹೊಡೆಸಿದ್ರೆ ಚೆನ್ನಾಗಿ ಕಾಣಲ್ಲ ಅಂತ ಇಡೀ ಮನೆಗೇ ಪೇಂಟ್ ಹೊಡೆಸಲಿಲ್ಲ. ಹಾಗೇ ಬಿಟ್ಟಿದೀನಿ."

ಮಗಳು ಮೇಜಿಗೆ ಆತುಕೊಂಡು "ಓನರ್ ತಾತಾ!" ಎಂದು ಕೂಗಿದಳು. "ಏನೋ ಪುಟ್ಟಾ, ಸ್ಕೂಲಿಗೆ ಸೇರಿದ್ಯಾ?" ಎಂದರು ಅವರು. "ಈಗ ಸೇರ್ತೀನಿ" ಎಂದಳು ಇವಳು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು, ಕಾಗದಗಳನ್ನು ನನ್ನ ಮುಂದೆ ತಳ್ಳಿ ಸಹಿ ಮಾಡುವ ಜಾಗ ತೋರಿಸಿದರು. ಅತ್ತೆ ಏನೆಂದು ತಿಳಿಯದೆಯೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ನಾನಂತೂ ಅಳುತ್ತಲೇ ಸಹಿ ಹಾಕಿದೆ. ಅಷ್ಟು ದಿನ ಬೈದುಕೊಂಡ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅಳದೆ ಕೂತಿದ್ದವರು ನನ್ನ ಗಂಡ ಒಬ್ಬರೇ. ಹುಬ್ಬು ಗಂಟಿಕ್ಕಿ ಫೋನನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು.

"ಅಲ್ಲ ಕಣೇ, ಪೇಂಟ್ ಹೊಡೆಸಲೇ ಇಲ್ಲ ಅಂದ್ರಲ್ಲ?"

"ಹ್ಞೂಂ ರೀ" ಎಂದೆ ಮೂಗು ಒರೆಸಿಕೊಳ್ಳುತ್ತ. "ಎಂಥಾ ಮನುಷ್ಯ ನೋಡಿ."

"ಹಾಗಾದ್ರೆ ನಮ್ಮ ಪೇಂಟಿಂಗ್ ಚಾರ್ಜು?"

ಇಬ್ಬರೂ ಒಟ್ಟಿಗೆ ಫೋನಿನ ಕಡೆ ತಿರುಗಿದೆವು. ಓನರ್ ಆಗಲೇ ಕಟ್ ಮಾಡಿದ್ದರು.